ಮುರಿಯದೆ ಬೆಂಗಳೂರು ತಲುಪಿದ ಕುಸ್ವಾರ್: ನನ್ನ ಅನುಭವ

2025ರ ಡಿಸೆಂಬರ್ 20, ಶನಿವಾರ. ಬೆಳಿಗ್ಗೆ ಏಳು ಗಂಟೆ ಇರಬೇಕು. ಬೆಂಗಳೂರಿನ ಗೆಳತಿಯ ಫೋನು. "ಡಬ್ಬಿ ಬಿಚ್ಚಿದೆ ಕಣೇ. ಹತ್ತಕ್ಕೆ ಹತ್ತೂ ಇಡಿಯಾಗಿವೆ!" ಅಂದಳು. ನಾನು ಅಡುಗೆಮನೆಯಲ್ಲೇ ಕೂತುಬಿಟ್ಟೆ. ನಾಲ್ಕು ವರ್ಷ ಈ ಒಂದು ಮಾತಿಗೆ ಕಾದಿದ್ದೆ.

ಹತ್ತು ಅಂದರೆ ಹತ್ತು ಕೊಕ್ಕಿಸಾಂ, ಹೂವಿನ ಅಚ್ಚಿನಲ್ಲಿ ಕರಿಯುವ ತಿಂಡಿ; ಕ್ರಿಸ್ಮಸ್‌ಗೆ ನಾವು ಮಾಡುವ ಕುಸ್ವಾರ್ ತಿಂಡಿಗಳಲ್ಲಿ ಒಂದು. ರೋಸ್ ಕುಕ್ಕೀಸ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಂಗಳೂರಿನಿಂದ ಬೆಂಗಳೂರು ಹತ್ತಿರ ಹತ್ತಿರ 350 ಕಿಲೋಮೀಟರ್. ನಡುವೆ ಶಿರಾಡಿ ಘಾಟಿ. ಇಪ್ಪತ್ತು ಡಬ್ಬಿ ಕಳಿಸಿದ್ದೆ, ಒಟ್ಟು ಇನ್ನೂರು ಕೊಕ್ಕಿಸಾಂ. ಸಂಜೆಯೊಳಗೆ ಎಲ್ಲರ ಫೋನೂ ಬಂತು. ಲೆಕ್ಕ ಹಾಕಿದರೆ ಮುರಿದದ್ದು ಏಳೋ ಎಂಟೋ.

"ಕೊಕ್ಕಿಸಾಂ ಬಸ್ಸಿಗೆ ಹಾಕುವ ತಿಂಡಿ ಅಲ್ಲ, ತಟ್ಟೆಯಲ್ಲಿ ಇಟ್ಟು ಮೇಲೆ ಬಟ್ಟೆ ಮುಚ್ಚಿ ಪಕ್ಕದ ಮನೆಗೆ ಕೊಡುವ ತಿಂಡಿ" ಅಂತ ನಾದಿನಿ ಪ್ರತಿ ವರ್ಷ ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪೇನಲ್ಲ. ನಮ್ಮಲ್ಲಿ ಕುಸ್ವಾರ್ ಅಂದರೆ ಹಂಚುವುದೇ. ಕ್ರಿಸ್ಮಸ್ ಹಿಂದಿನ ಎರಡು ಮೂರು ದಿನ ತಟ್ಟೆಗಳು ಬೀದಿಯೆಲ್ಲ ಓಡಾಡುತ್ತವೆ. ಚೌತಿಗೆ ಉಂಡೆ ಚಕ್ಕುಲಿ ಕೊಟ್ಟ ಮನೆಗೆ, ಈದ್‌ಗೆ ಬಿರಿಯಾನಿ ಕಳಿಸಿದ ಮನೆಗೆ, ಎಲ್ಲ ಕಡೆಗೂ ಹೋಗಬೇಕು. ಆದರೆ ನನ್ನ ಜೊತೆ ಕಾಲೇಜಿನಲ್ಲಿ ಕೂತವರು, ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ಈಗ ಪಕ್ಕದ ಮನೆಯಲ್ಲಿ ಇಲ್ಲವಲ್ಲ. ಅವರಿಗೂ ತಲುಪಬೇಕು ಅನ್ನುವುದು ನನ್ನ ಹಟ.

ಮೊದಲ ವರ್ಷ, 2022ರಲ್ಲಿ, ಆರು ಡಬ್ಬಿ ಕಳಿಸಿದೆ. ಕೊಕ್ಕಿಸಾಂ ಪುಡಿ ಪುಡಿ. ಒಬ್ಬಳು ಅದನ್ನು ಹಾಲಿಗೆ ಹಾಕಿ ಮಕ್ಕಳಿಗೆ ಕೊಟ್ಟಳಂತೆ. ಅದಾದರೂ ಸಹಿಸಬಹುದು. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿ, ಅದರದು ದೊಡ್ಡ ಕಥೆ. ಮನೆಯಲ್ಲಿ ತಿನ್ನುವಾಗ ಹಸಿ ತೆಂಗಿನಕಾಯಿ ಹೂರಣವೇ ರುಚಿ. ಹುರಿದು ಹಾಕಿದರೆ ಸಾಕು ಅಂದುಕೊಂಡೆ. ಸಾಲದು. ತಲುಪುವಷ್ಟರಲ್ಲೇ ಕಮಟು ವಾಸನೆ. ಅಷ್ಟೂ ನೆವ್ರಿ ಎಸೆದರು. ಗೋಡಂಬಿ, ದ್ರಾಕ್ಷಿ, ಏಲಕ್ಕಿ ಎಲ್ಲ ಸೇರಿ ಸಾವಿರ ರೂಪಾಯಿ ಮೇಲೆ ಹೋಯಿತು. ಈಗ ದೂರಕ್ಕೆ ಹೋಗುವ ನೆವ್ರಿಗೆ ಒಣ ಕೊಬ್ಬರಿ, ಎಳ್ಳು, ಪುಟಾಣಿ ಪುಡಿ, ಸಕ್ಕರೆ ಅಷ್ಟೇ. ಎಳ್ಳು ಚಟಪಟ ಅನ್ನುವ ತನಕ ಹುರಿಯಬೇಕು. ಮೂರು ವಾರ ಏನೂ ಆಗುವುದಿಲ್ಲ.

2023ರ ಪೆಟ್ಟು ಬೇರೆ ಥರದ್ದು. ಆ ವರ್ಷ ಎಲ್ಲವನ್ನೂ ಶುದ್ಧ ತೆಂಗಿನೆಣ್ಣೆಯಲ್ಲೇ ಕರಿದೆ. ಅಮ್ಮ ಹಾಗೇ ಮಾಡುತ್ತಿದ್ದಳು. ಡಬ್ಬಿ ತಲುಪಿದ ಎರಡನೇ ದಿನ ಗೆಳತಿಯೊಬ್ಬಳು ಫೋಟೋ ಕಳಿಸಿದಳು. ಕಿಡಿಯೊ (ಗೆರೆ ಮೂಡಿಸಿ ಸುತ್ತಿ ಕರಿದ ತಿಂಡಿ), ತುಕ್ಡಿ (ಶಂಕರಪೋಳಿಯಂಥದ್ದು) ಎಲ್ಲದರ ಮೇಲೆ ಬೆಳ್ಳಗೆ ಏನೋ. "ಬೂಸ್ಟು ಬಂದಿದೆ, ಬಿಸಾಡಲಾ?" ಅಂತ ಕೇಳಿದಳು. ನನಗೂ ಗಾಬರಿಯಾಯಿತು. ನಮ್ಮ ಡಬ್ಬಿ ತೆಗೆದು ನೋಡಿದರೆ ಏನೂ ಇಲ್ಲ. ಒಂದು ರಾತ್ರಿ ಯೋಚನೆ ಮಾಡಿದ ಮೇಲೆ ಹೊಳೆಯಿತು. ಅದು ಬೂಸ್ಟಲ್ಲ, ಎಣ್ಣೆ! ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಂಗಳೂರಿನ ಡಿಸೆಂಬರಿನಲ್ಲಿ ಹಗಲು ಅಷ್ಟು ಚಳಿ ಎಲ್ಲಿ ಬರಬೇಕು? ಬೆಂಗಳೂರಿನಲ್ಲಿ ರಾತ್ರಿ ಹದಿನೈದು ಹದಿನಾರಕ್ಕೆ ಇಳಿಯುತ್ತದೆ. ಬಾಯಿಗೆ ಹಾಕಿದರೆ ಮೇಣದ ಹಾಗೆ ಅಂಟುತ್ತದೆ. ಅಷ್ಟರಲ್ಲಿ ಇಬ್ಬರು ಎಸೆದಾಗಿತ್ತು.

ಅಲ್ಲಿಂದ ಬೆಂಗಳೂರಿನ ಪಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತೇನೆ. ಪರಿಮಳಕ್ಕೆ ತೆಂಗಿನ ಹಾಲು ಹಿಟ್ಟಿನಲ್ಲೇ ಉಂಟಲ್ಲ, ಸಾಕು. ಇದರಿಂದ ದುಡ್ಡೂ ಉಳಿಯಿತು. 2025ರಲ್ಲಿ ತೆಂಗಿನೆಣ್ಣೆ ರೇಟು ಏರಿದ್ದು ಎಲ್ಲರಿಗೂ ಗೊತ್ತು. ಲೀಟರಿಗೆ ನಾನ್ನೂರು ದಾಟಿದ ಮೇಲೆ ಆರು ಏಳು ಲೀಟರ್ ಸುರಿಯಲು ಕೈ ಬರುವುದಿಲ್ಲ. ಊರಿನ ತಟ್ಟೆಗಳಿಗೆ ಮಾತ್ರ ಈಗಲೂ ತೆಂಗಿನೆಣ್ಣೆ. ಅದರಲ್ಲಿ ರಾಜಿ ಇಲ್ಲ.

2024ರಲ್ಲಿ ಮಳೆ ಕೆಡಿಸಿತು. ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಗೂ ಬಂತು, ಶಾಲೆಗೆ ರಜೆ ಕೊಟ್ಟಿದ್ದರು. ಅದೇ ದಿನ ನಾನು ಕಿಡಿಯೊಗೆ ಸಕ್ಕರೆ ಪಾಕ ಹಿಡಿಸುತ್ತಿದ್ದೆ. ಸಕ್ಕರೆ ಗಾಳಿಯ ನೀರನ್ನೆಲ್ಲ ಎಳೆದುಕೊಂಡಿತು. ಬೆಳಿಗ್ಗೆ ನೋಡಿದರೆ ನಾಲ್ಕು ಕಿಲೋ ಕಿಡಿಯೊ ಒಂದೇ ಗಟ್ಟಿ ಮುದ್ದೆ.

ಪಾಕದ ವಿಷಯ ಸ್ವಲ್ಪ ನಿಂತು ಹೇಳಬೇಕು. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಒಂದೆಳೆ ಪಾಕಕ್ಕೆ ಇಳಿಸಿದರೆ ನೀರು ಉಳಿದಿರುತ್ತದೆ, ಎರಡು ದಿನದಲ್ಲಿ ಅಂಟುತ್ತದೆ. ಎರಡೆಳೆ ದಾಟಬೇಕು. ನೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟಬೇಕು. ಆಗ ಉರಿ ಆರಿಸಿ, ಪೂರ್ತಿ ತಣಿದ ಕಿಡಿಯೊ ಹಾಕಿ. ಬಿಸಿ ಕಿಡಿಯೊ ಹಾಕಿದರೆ ಮೆತ್ತಗಾಯಿತು ಅಂತಲೇ ಲೆಕ್ಕ. ಆಮೇಲೆ ಕೈ ಬಿಡದೆ ಮಗುಚುತ್ತಾ ಇರಬೇಕು. ಮೊದಲು ಎಲ್ಲ ಹೊಳೆಯುತ್ತದೆ, ಸೌಟು ಜಾರುತ್ತದೆ. ಎರಡು ಮೂರು ನಿಮಿಷಕ್ಕೆ ಸೌಟು ಭಾರ ಆಗುತ್ತದೆ. ಹೊಳಪು ಮಾಯ. ಪಾತ್ರೆಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಆಗ ಗಲಗಲ ಅಂತ ಸದ್ದು ಶುರುವಾಗುತ್ತದೆ, ಒಂದಕ್ಕೊಂದು ಬಿಟ್ಟುಕೊಂಡ ಸದ್ದು. ಅಲ್ಲಿಗೆ ನಿಲ್ಲಿಸಿ. ನನ್ನ ಪಾಕದಲ್ಲಿ ಇನ್ನೊಂದು ವಸ್ತು ಚೂರು ಬೀಳುತ್ತದೆ. ಅದು ಅತ್ತೆ ಕಿವಿಯಲ್ಲಿ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ.

ಮೋಡ ಇದ್ದ ದಿನ ಈಗ ಪಾಕದ ಕೆಲಸ ಮುಟ್ಟುವುದೇ ಇಲ್ಲ. ಮಾಡುವ ಸರದಿಯನ್ನೂ ಬದಲಿಸಿದೆ. ಹಿಂದೆ ಕೊಕ್ಕಿಸಾಂನಿಂದ ಶುರು ಮಾಡುತ್ತಿದ್ದೆ, ಯಾಕೆಂದರೆ ಅದು ಖುಷಿಯ ಕೆಲಸ. ಈಗ ನವೆಂಬರ್ ಕೊನೆಗೆ ಪೆರಾದ್. ಪೇರಳೆ ತಿರುಳು ಸಕ್ಕರೆ ಕಾಸಿ ಕಾಸಿ ಹಲ್ವದ ಹಾಗೆ ಕತ್ತರಿಸಿಟ್ಟರೆ ತಿಂಗಳು ಇರುತ್ತದೆ. ಆಮೇಲೆ ತುಕ್ಡಿ, ಕಿಡಿಯೊ. ನಂತರ ಗುಳಿಯೊ. ಗುಳಿಯೊ ಮಾಡುವವರಿಗೆ ಒಂದು ಮಾತು: ಅಕ್ಕಿ ಹಿಟ್ಟಿನ ಉಂಡೆಯಲ್ಲಿ ಗಾಳಿ ತೇವ ಸಿಕ್ಕಿಕೊಂಡರೆ ಎಣ್ಣೆಯಲ್ಲಿ ಪಟಾಕಿ. ನನ್ನ ಎಡಗೈ ಮೇಲೆ ಇನ್ನೂ ಕಲೆ ಉಂಟು. ಉಂಡೆ ಚಿಕ್ಕದಿರಲಿ, ಬಾಣಲೆಗೆ ಜಾಲರಿ ಮುಚ್ಚಿ. ಕೊಕ್ಕಿಸಾಂ ಕೊನೆಗೆ, ಬಸ್ಸಿಗೆ ಹಾಕುವ ಹಿಂದಿನ ದಿನ.

ಕೊಕ್ಕಿಸಾಂ ಹಿಟ್ಟು ನಿಮಗೆಲ್ಲ ಗೊತ್ತೇ ಇದೆ. ನನ್ನದು ಮೈದಾ ಮತ್ತು ಅಕ್ಕಿ ಹಿಟ್ಟು ಸೇರಿಸಿದ್ದು, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ. ಸಕ್ಕರೆ ಜಾಸ್ತಿಯಾದರೆ ಬೇಗ ಕೆಂಪಾಗಿ ಒಳಗೆ ಮೆತ್ತಗೆ ಉಳಿಯುತ್ತದೆ. ದಾರಿಯಲ್ಲಿ ಮುರಿಯುವುದು ಇಂಥವೇ. ಇನ್ನು ಅಚ್ಚು. ಎಣ್ಣೆಯಲ್ಲೇ ಮುಳುಗಿಸಿ ಕಾಯಿಸಿ, ಎತ್ತಿ, ಒಂದು ಸಲ ಕಾಗದಕ್ಕೆ ಒತ್ತಿ, ಹಿಟ್ಟಿಗೆ ಮುಕ್ಕಾಲು ಭಾಗ ಅದ್ದಬೇಕು. ಚುಂಯ್ ಅನ್ನುವ ಸಣ್ಣ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಜಾರುತ್ತದೆ. ಜೋರಾಗಿ ಬುಸ್ಸೆಂದರೆ ಅತಿ ಕಾದಿದೆ, ಹಿಟ್ಟು ಬಟ್ಟಲಲ್ಲೇ ಬೆಂದು ಕಳಚುತ್ತದೆ. ಅಂಚಿನ ಮೇಲೆ ಹಿಟ್ಟು ಹತ್ತಿದರೆ ಮುಗಿಯಿತು, ಬಿಡಿಸಲು ಚಾಕು ಬೇಕು. ನನ್ನದು ಅತ್ತೆಯ ಕಾಲದ ಹಿತ್ತಾಳೆ ಅಚ್ಚು. ಹೊಸದೊಂದು ತಂದಿದ್ದೆ, ಎರಡು ದಿನ ಎಣ್ಣೆಯಲ್ಲಿ ನೆನೆಸಿಟ್ಟರೂ ಅಂಟಿತು. ಮುನ್ನೂರು ರೂಪಾಯಿ ನೀರಿಗೆ ಹೋಯಿತು.

ಬೆಂಗಳೂರಿನ ಇಪ್ಪತ್ತರಲ್ಲಿ ಐದು ಮನೆಯವರು ಮೊಟ್ಟೆ ತಿನ್ನುವುದಿಲ್ಲ. ಅವರದ್ದು ಮೊದಲು, ಹೊಸ ಎಣ್ಣೆಯಲ್ಲಿ, ಬೇರೆ ಪಾತ್ರೆಯಲ್ಲಿ. ಗೆಳೆತನ ಅಂದ ಮೇಲೆ ಅಷ್ಟು ನಂಬಿಕೆ ಉಳಿಸಿಕೊಳ್ಳಬೇಕು. ಮೊಟ್ಟೆ ಇಲ್ಲದ್ದು ಹೆಚ್ಚು ಪುಡಿಯಾಗುತ್ತದೆ, ಅದಕ್ಕೆ ಅಕ್ಕಿ ಹಿಟ್ಟಿನ ಪ್ರಮಾಣ ಬದಲಿಸಿದ್ದೇನೆ. ಎಷ್ಟು ಅಂತ ಕೇಳಬೇಡಿ. ಅದು ಮೂರು ವರ್ಷದ ಹಿಟ್ಟು ದಂಡ ಮಾಡಿ ಸಿಕ್ಕ ಅಳತೆ.

ಈಗ ಮುಖ್ಯ ವಿಷಯ, ಪ್ಯಾಕಿಂಗ್. ಗುಳ್ಳೆ ಪ್ಲಾಸ್ಟಿಕ್ ಸುತ್ತಿ ನೋಡಿದೆ. ಟಿಶ್ಯೂ ಪೇಪರ್ ತುರುಕಿ ನೋಡಿದೆ. ಹೊರಗೆ ಎಷ್ಟು ಸುತ್ತಿದರೂ ಒಳಗೆ ಕೊಕ್ಕಿಸಾಂ ಅಲುಗಾಡುತ್ತದೆ. ಅಲುಗಾಡಿದರೆ ಘಾಟಿಯಲ್ಲಿ ಮುರಿಯುತ್ತದೆ. ಒಂದು ಸಂಜೆ ಮಗ ಚರುಮುರಿ ತಿನ್ನುತ್ತಿದ್ದ. ಪೊಟ್ಟಣದಿಂದ ಮಂಡಕ್ಕಿ ಉದುರಿ ಮೇಜಿನ ಮೇಲಿದ್ದ ಕೊಕ್ಕಿಸಾಂ ತೂತುಗಳಲ್ಲಿ ಕೂತಿತು. ಕೂತದ್ದು ಎಷ್ಟು ಸರಿಯಾಗಿ ಅಂದರೆ, ಎತ್ತಿದರೂ ಬೀಳಲಿಲ್ಲ. ಅದೇ ಸಾಕಾಯಿತು ನನಗೆ.

ನಾದಿನಿ ನಕ್ಕಳು. "ಕುಸ್ವಾರಿಗೆ ಮಂಡಕ್ಕಿಯಾ? ತಿಂಡಿ ಕಮ್ಮಿ ಹಾಕಿ ಡಬ್ಬಿ ತುಂಬಿಸಿದ್ದಾಳೆ ಅಂದುಕೊಳ್ಳುತ್ತಾರೆ" ಅಂದಳು. ಗಂಡನಿಗೂ ನಂಬಿಕೆ ಇರಲಿಲ್ಲ. ನಾನು ಒಂದು ಡಬ್ಬಿ ಕಟ್ಟಿ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಒಂದು ವಾರ ಊರೆಲ್ಲ ಸುತ್ತಿಸಿದೆ. ನಮ್ಮ ಒಳರಸ್ತೆಯ ಹೊಂಡಗಳು ಯಾವ ಘಾಟಿಗೂ ಕಮ್ಮಿ ಇಲ್ಲ. ಬಿಚ್ಚಿದಾಗ ಒಂದೇ ಒಂದು ಎಸಳು ಮುರಿದಿತ್ತು. ಆದರೆ ಎಲ್ಲ ಮೆತ್ತಗಾಗಿತ್ತು. ಯಾಕಪ್ಪಾ ಅಂತ ಮಂಡಕ್ಕಿ ಬಾಯಿಗೆ ಹಾಕಿದೆ, ಉಪ್ಪುಪ್ಪು. ಉಪ್ಪು ತೇವ ಎಳೆಯುತ್ತದೆ. ಉಪ್ಪಿಲ್ಲದ ಮಂಡಕ್ಕಿ ತಂದು, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ, ಪೂರ್ತಿ ಆರಿಸಿ ಹಾಕಿದೆ. ಆಗ ಅದೇ ತೇವ ಹೀರಿಕೊಂಡು ಕೊಕ್ಕಿಸಾಂ ಗರಿಯಾಗಿ ಉಳಿಯಿತು.

ಡಬ್ಬಿ ಕಟ್ಟುವುದು ಹೀಗೆ. ಮೂರು ಲೀಟರಿನ ಗಟ್ಟಿ ಮುಚ್ಚಳದ ಡಬ್ಬಿ. ಅಡಿಯಲ್ಲಿ ನೆವ್ರಿ, ತುಕ್ಡಿ. ಕಿಡಿಯೊ, ಗುಳಿಯೊ ಬೇರೆ ಬೇರೆ ಸಣ್ಣ ಕವರಿನಲ್ಲಿ. ಪೆರಾದ್ ಬಟರ್ ಪೇಪರಿನಲ್ಲಿ ಸುತ್ತಿ, ಯಾಕೆಂದರೆ ಅದರ ತೇವ ಉಳಿದವಕ್ಕೆ ತಾಗಬಾರದು. ಮೇಲೊಂದು ಬಟರ್ ಪೇಪರ್. ಅದರ ಮೇಲೆ ಕೊಕ್ಕಿಸಾಂ ಐದೈದರ ಎರಡು ಸಾಲು, ಮಲಗಿಸಿ ಅಲ್ಲ, ನಿಲ್ಲಿಸಿ. ಮಂಡಕ್ಕಿ ಸುರಿಯುತ್ತಾ ಡಬ್ಬಿಯ ಬದಿಗೆ ಬೆರಳಿನಿಂದ ಟಕ್ ಟಕ್ ಬಡಿಯಿರಿ. ಮಂಡಕ್ಕಿ ಇಳಿಯುತ್ತದೆ, ಮತ್ತೆ ಸುರಿಯಿರಿ. ಮುಚ್ಚಳ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಏನೂ ಕೇಳಿಸಬಾರದು.

ಬೇರೆ ಪ್ರಯೋಗಗಳೂ ಸುಮಾರು ಆಗಿವೆ. ಕಿಡಿಯೊ ಏರ್ ಫ್ರೈಯರಿನಲ್ಲಿ ಮಾಡಿದೆ, ಒಣ ಕಡ್ಡಿ ಜಗಿದ ಹಾಗಿತ್ತು. ಸಕ್ಕರೆ ಬದಲು ಬೆಲ್ಲದ ಪಾಕ ಹಿಡಿಸಿದೆ, ರುಚಿ ಬಹಳ ಚೆನ್ನ, ಆದರೆ ಮೂರನೇ ದಿನ ಅಂಟು. ಊರಲ್ಲೇ ತಿನ್ನುವುದಾದರೆ ಖಂಡಿತ ಮಾಡಿ. ರಾಗಿ ಹಿಟ್ಟಿನ ಕೊಕ್ಕಿಸಾಂ ಅಚ್ಚಿನಿಂದ ಬಿಡುವಾಗಲೇ ಎರಡು ತುಂಡು. ಕಿಡಿಯೊ ಸುತ್ತಲು ಫೋರ್ಕಿಗಿಂತ ಹೊಸ ಬಾಚಣಿಗೆಯೇ ಸೈ, ಗೆರೆ ಸ್ಪಷ್ಟ ಬರುತ್ತದೆ. ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳುಗಳು. ಗೆರೆ ಚೆನ್ನಾಗಿ ಬಿದ್ದರೆ ಮಾತ್ರ ಆ ಹೆಸರಿಗೆ ತಕ್ಕ ಹಾಗೆ ಕಾಣುತ್ತದೆ.

2025ರ ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಮೈದಾ, ಸಕ್ಕರೆ, ಅಕ್ಕಿ ಸೇರಿ ಆರ್‌ನೂರು. ತೆಂಗಿನಕಾಯಿ ಇಪ್ಪತ್ತೈದು, ಸಾವಿರದ ಹತ್ತಿರ. ಮೊಟ್ಟೆ ಏಳೆಂಟು ರೂಪಾಯಿಯ ಹಾಗೆ ಐದು ಡಜನ್. ಎಣ್ಣೆ ಸಾವಿರ. ಗೋಡಂಬಿ ದ್ರಾಕ್ಷಿಯೇ ಸಾವಿರದ ನಾನ್ನೂರು. ಕೊಬ್ಬರಿ, ಎಳ್ಳು, ಏಲಕ್ಕಿ, ಪೇರಳೆ ಎಲ್ಲ ಸಾವಿರದ ಇನ್ನೂರು. ಒಂದು ಸಿಲಿಂಡರ್ ಗ್ಯಾಸ್. ಡಬ್ಬಿ ಅರುವತ್ತು ರೂಪಾಯಿಗೆ ಒಂದು. ಬಸ್ ಪಾರ್ಸೆಲ್ ಸಾವಿರದ ಐನೂರು. ಮಂಡಕ್ಕಿ ಎರಡು ಕಿಲೋ, ಇನ್ನೂರು ಚಿಲ್ಲರೆ. ಒಟ್ಟು ಒಂಬತ್ತು ಒಂಬತ್ತೂವರೆ ಸಾವಿರ, ಡಬ್ಬಿಗೆ ನಾನ್ನೂರ ಎಪ್ಪತ್ತರ ಆಸುಪಾಸು. ಮೊದಲ ವರ್ಷ ಕೊರಿಯರಿನಲ್ಲಿ ಕಳಿಸಿದ್ದೆ. ಮೂರು ದಿನದಲ್ಲಿ ಅಂದವರು ಎಂಟು ದಿನ ಮಾಡಿದರು, ದುಡ್ಡೂ ಡಬಲ್. ರಾತ್ರಿ ಬಸ್ಸೇ ಒಳ್ಳೆಯದು. ಶುಕ್ರವಾರ ರಾತ್ರಿ ಹಾಕಿದರೆ ಶನಿವಾರ ಬೆಳಿಗ್ಗೆ ಅಲ್ಲಿ. ಒಬ್ಬ ಗೆಳೆಯ ಕಾರಿನಲ್ಲಿ ಹೋಗಿ ಎಲ್ಲ ಬಿಡಿಸಿಕೊಂಡು ಮನೆಮನೆಗೆ ಹಂಚಿದ. ಅವನ ಡಬ್ಬಿಯಲ್ಲಿ ನೆವ್ರಿ ನಾಲ್ಕು ಜಾಸ್ತಿ ಇಟ್ಟಿದ್ದೆ.

ಮಾರುತ್ತೀಯಾ ಅಂತ ಇಬ್ಬರು ಮೂವರು ಕೇಳಿದರು. ಸದ್ಯಕ್ಕೆ ಇಲ್ಲ. ಇಪ್ಪತ್ತು ಡಬ್ಬಿಯೇ ನನ್ನ ಎರಡು ಕೈಗೆ ಸರಿ.

ನಾದಿನಿ ಮೊನ್ನೆ ಮಂಡಕ್ಕಿ ಎಲ್ಲಿಂದ ತಂದೆ ಅಂತ ಕೇಳಿದಳು, ಅಂಗಡಿ ತೋರಿಸಿದೆ. ಸಂಕ್ರಾಂತಿ ಆದ ಮೇಲೆ ಡಬ್ಬಿಗಳು ವಾಪಸ್ ಬರತೊಡಗಿವೆ. ನಿನ್ನೆಗೆ ಹನ್ನೊಂದು ಆಯಿತು. ಒಂದೂ ಖಾಲಿ ಬರಲಿಲ್ಲ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಒಂದರಲ್ಲಿ ಮನೆಯಲ್ಲೇ ಮಾಡಿದ ಕೋಡುಬಳೆ. ಕೋಡುಬಳೆ ಕಳಿಸಿದವಳು ಸುತ್ತಲೂ ನಾನು ಹಾಕಿದ ಅದೇ ಮಂಡಕ್ಕಿಯನ್ನು ಮತ್ತೆ ಹುರಿದು ತುಂಬಿದ್ದಳು. ಒಂದು ಕೋಡುಬಳೆಯೂ ಮುರಿದಿರಲಿಲ್ಲ.