ಕ್ಯಾಮೆರಾಗೆ ಸ್ಟ್ಯಾಟಿಕ್ ಏಟು: ತಪ್ಪಿಸುವುದು ಹೇಗೆ?

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಗಾಳಿಯ ಪಸೆ ಆರುತ್ತದೆ. ತುಟಿ ಒಡೆಯುತ್ತದೆ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚಟ್ ಅಂತ ಹೊಡೆಯುತ್ತದೆ. ಶಾಲೆಯಲ್ಲಿ ಬಾಚಣಿಗೆಗೆ ಕಾಗದದ ಚೂರು ಅಂಟಿಸಿ ಆಡಿದ್ದೆವಲ್ಲ, ಅದೇ ಸ್ಥಾಯಿ ವಿದ್ಯುತ್, ಅಂದರೆ ಸ್ಟ್ಯಾಟಿಕ್. ಈ ಏಟು ನಮಗೆ ಗೊತ್ತಾಗಲು ಸುಮಾರು 3,000 ವೋಲ್ಟ್ ಬೇಕು. ನಾಜೂಕಿನ ಕೆಲವು ಚಿಪ್‌ಗಳು ಕೆಡಲು 100 ವೋಲ್ಟ್ ಸಾಕು!

ಹಾಗಂತ ಕ್ಯಾಮೆರಾ ಹಿಡಿಯಲೇ ಹೆದರಬೇಕಿಲ್ಲ. ಎಚ್ಚರ ಬೇಕಿರುವುದು ಲೆನ್ಸ್ ಬಿಚ್ಚುವಾಗ, ಕಾರ್ಡ್ ತೆಗೆಯುವಾಗ, ಒಳಗೆ ಚಿತ್ರ ಹಿಡಿಯುವ ಸೆನ್ಸರ್‌ನ ಧೂಳು ತೆಗೆಯುವಾಗ.

ಮೊದಲು ಉಣ್ಣೆಯ ಸ್ವೆಟರ್, ಪಾಲಿಯೆಸ್ಟರ್ ಜಾಕೆಟ್ ಕಳಚಿಡಿ. ಹತ್ತಿ ಅಂಗಿ ಒಳ್ಳೆಯದು. ಕೆಲಸಕ್ಕೆ ಮರದ ಮೇಜು ಸಾಕು, ಕಾರ್ಪೆಟ್ ಬೇಡ.

ಆಮೇಲೆ ಮೈಯಲ್ಲಿರುವ ಚಾರ್ಜ್ ಇಳಿಸಿ. ನಲ್ಲಿ ಮುಟ್ಟಿದರಾಯಿತು ಎನ್ನುವುದು ಹಳೆಯ ಕಾಲದ ಮಾತು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಪೈಪೇ ಪ್ಲಾಸ್ಟಿಕ್ಕು. ಮೂರು ಪಿನ್ನಿನ ಪ್ಲಗ್ ಹಾಕಿರುವ ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣ ಬಳಿಯದ ತಿರುಪು ಇರುತ್ತದಲ್ಲ, ಅದನ್ನು ಮುಟ್ಟಿ. ಮುಟ್ಟಿದಾಗ ಕೈ ಜುಮ್ಮೆಂದರೆ ಕ್ಯಾಮೆರಾ ಬದಿಗಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಮನೆಯ ಅರ್ಥಿಂಗೇ ಕೆಟ್ಟಿರಬಹುದು.

ಕ್ಯಾಮೆರಾ ಆಫ್ ಮಾಡಿಯೇ ಲೆನ್ಸ್ ಬಿಚ್ಚಿ. ಬಿಚ್ಚಿದ ಮೇಲೆ ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಒಳಗೆ ಸಾಲಾಗಿ ಕಾಣುವ ಚಿನ್ನದ ಬಣ್ಣದ ಪಿನ್ನುಗಳಿಗೆ ಬೆರಳು ತಾಗಿಸಬೇಡಿ. ಮೆಮೊರಿ ಕಾರ್ಡನ್ನೂ ಅಂಚು ಹಿಡಿದೇ ತೆಗೆಯಿರಿ.

ಒರೆಸುವುದರಲ್ಲೇ ಹೆಚ್ಚು ಜನ ಎಡವುವುದು. ಒಣಬಟ್ಟೆಯಿಂದ ಗಾಜನ್ನು ಗಸಗಸ ತಿಕ್ಕಿದಷ್ಟೂ ಅದಕ್ಕೆ ಚಾರ್ಜ್ ಏರುತ್ತದೆ, ಈಗಷ್ಟೇ ಹೋದ ಧೂಳು ಮತ್ತೆ ಬಂದು ಕೂರುತ್ತದೆ. ಬಟ್ಟೆಗೆ ಒಂದು ಹನಿ ಲೆನ್ಸ್ ದ್ರಾವಣ ಹಾಕಿ ಹಗುರವಾಗಿ ಒರೆಸಿ. ಸೆನ್ಸರ್‌ಗಾದರೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಮಾತ್ರ, ಅದೂ ಕ್ಯಾಮೆರಾ ಬಾಯಿಯನ್ನು ಕೆಳಮುಖ ಮಾಡಿ. ವ್ಯಾಕ್ಯೂಮ್ ಕ್ಲೀನರ್, ಡಬ್ಬಿಯ ಗಾಳಿ ಎರಡೂ ಬೇಡ.

ಸರ್ಕ್ಯೂಟ್ ಬೋರ್ಡ್ ಮುಟ್ಟುವ ಕೆಲಸವಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ‘ಆಂಟಿ ಸ್ಟ್ಯಾಟಿಕ್ ರಿಸ್ಟ್ ಸ್ಟ್ರಾಪ್’ ಕೇಳಿ, ಮೈಯ ಚಾರ್ಜನ್ನು ಅರ್ಥಿಂಗ್‌ಗೆ ಇಳಿಸಲು ಮಣಿಕಟ್ಟಿಗೆ ಕಟ್ಟುವ ಪಟ್ಟಿ ಅದು. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಕೈ 230 ವೋಲ್ಟ್ ತಂತಿಗೆ ತಾಗಿದರೂ ಪಟ್ಟಿಯ ಮೂಲಕ ಕಾಲು ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯದಂತೆ ತಡೆಯುವುದು ಅದೇ. ‘ಎಲ್ಲಾ ಒಂದೇ ಬಿಡಿ’ ಎಂದು ಬರೀ ತಂತಿ ಸುತ್ತಿಕೊಂಡು ಕೂರಬೇಡಿ.

ಕೆಲಸ ಮುಗಿದ ಮೇಲೆ ಕ್ಯಾಮೆರಾವನ್ನು ಡ್ರೈ ಬಾಕ್ಸಿನಲ್ಲಿ, ಅಂದರೆ ಒಳಗಿನ ತೇವ ಕಡಿಮೆ ಇಡುವ ಪೆಟ್ಟಿಗೆಯಲ್ಲಿ ಇಡಿ. ಅದರ ತೇವಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಲಿ. ಬೂಷ್ಟಿಗೆ ಹೆದರಿ ತೇವ ಹೀರುವ ಸಿಲಿಕಾ ಜೆಲ್ ತುರುಕಿ ತೀರಾ ಒಣಗಿಸುವುದು ಬೇಡ.