ಇಂಗಾಲದ ವ್ಯಾಪಾರ: ಲೆಕ್ಕ ಓದುವುದು ಹೇಗೆ?

ರಾಶಿ ಅಡಿಕೆ ಬೇಯಿಸುವ ಒಲೆ ಎದುರು ಕೂತರೆ ನಮ್ಮ ಕಡೆ ಎರಡು ಮಾತು ಖಾಯಂ. ಈ ಸಲ ದರ ಎಷ್ಟು, ಕಟ್ಟಿಗೆ ಎಷ್ಟು ಹೋಯಿತು. ಮೊನ್ನೆ ಶಿರಸಿ ಹತ್ತಿರದ ನೆಂಟರ ಮನೆಯಲ್ಲಿ ಮೂರನೆಯದೂ ಬಂತು. ‘ಸೊಪ್ಪಿನ ಬೆಟ್ಟಕ್ಕೆ ಕಾರ್ಬನ್ ದುಡ್ಡು ಬತ್ತಡ, ಹೌದನೋ?’ ತೋಟಕ್ಕೆ ಸೊಪ್ಪು ತರುವ ಕಾಡೇ ಈ ಸೊಪ್ಪಿನ ಬೆಟ್ಟ. ಯಾರೋ ಒಬ್ಬ ಫಾರಂ ಕೊಟ್ಟು ಸಹಿ ಕೇಳಿ ಹೋಗಿದ್ದನಂತೆ.

ಉತ್ತರವನ್ನು ಆ ಒಲೆಯಿಂದಲೇ ಶುರು ಮಾಡೋಣ.

ಮೊದಲು ಅಳತೆ. ಒಂದು ಕ್ವಿಂಟಲ್ ಅಡಿಕೆಗೆ ಎಷ್ಟು ಹೊರೆ ಕಟ್ಟಿಗೆ? ಕೇಂದ್ರ ಸರ್ಕಾರ ಕಾರ್ಖಾನೆಗಳಿಗೆ ಕೇಳುತ್ತಿರುವುದೂ ಇದೇ ಜಾತಿಯ ಲೆಕ್ಕ. ಒಂದು ಟನ್ ಕಾಗದ ಅಥವಾ ಸಿಮೆಂಟ್ ಮಾಡಲು ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್ ಹೊರಬಿಟ್ಟಿರಿ? 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯಿತು. 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಸ್ಕೀಮ್, ಅಂದರೆ ಮಿತಿಗಿಂತ ಕಡಿಮೆ ಹೊಗೆ ಬಿಟ್ಟವರು ಉಳಿಸಿದ್ದನ್ನು ಮಾರುವ ಯೋಜನೆ, ಬಂತು. 2025ರ ಅಕ್ಟೋಬರ್‌ನಲ್ಲಿ 282 ಘಟಕಗಳಿಗೆ ಗುರಿ ಹಾಕಿದರು: ಸಿಮೆಂಟ್ 186, ಕಾಗದ 53, ಕ್ಲೋರ್-ಅಲ್ಕಲಿ 30, ಅಲ್ಯೂಮಿನಿಯಂ 13. ಇದರಲ್ಲಿ ಎರಡು ಉದ್ಯಮ ನಮ್ಮ ಜಿಲ್ಲೆಗೆ ಹೊಸವೇನಲ್ಲ. ದಾಂಡೇಲಿ ಅಂದರೆ ಕಾಗದ, ಕಾರವಾರದ ಬಿಣಗಾ ಅಂದರೆ ಕಾಸ್ಟಿಕ್ ಸೋಡಾ, ಅಲ್ವಾ? ಕಾಸ್ಟಿಕ್ ಸೋಡಾ ತಯಾರಿಕೆಯೇ ಈ ಕ್ಲೋರ್-ಅಲ್ಕಲಿ.

ಆಮೇಲೆ ಗುರಿ. 2023-24ರ ಲೆಕ್ಕವನ್ನು ಬುಡವಾಗಿ ಹಿಡಿದು, 2025-26 ಮತ್ತು 2026-27ಕ್ಕೆ ಪ್ರತಿ ಘಟಕಕ್ಕೂ ಬೇರೆ ಬೇರೆ ಮಿತಿ.

ಈಗ ಗುಣಾಕಾರ. ಅಂಕಿಗಳು ನಾನು ಸುಮ್ನೆ ಹಿಡಿದವು. ಒಂದು ಮಿಲ್ಲಿಗೆ ಟನ್ ಕಾಗದಕ್ಕೆ 1.50 ಟನ್ ಕಾರ್ಬನ್ ಡೈಆಕ್ಸೈಡ್ ಮಿತಿ ಅಂತಿಟ್ಟುಕೊಳ್ಳಿ. ಅದು 1.45ಕ್ಕೆ ಇಳಿಸಿತು. ವರ್ಷಕ್ಕೆ 2 ಲಕ್ಷ ಟನ್ ಕಾಗದ ಮಾಡಿತು. ಉಳಿದದ್ದು 0.05, ಅದನ್ನು 2 ಲಕ್ಷಕ್ಕೆ ಗುಣಿಸಿದರೆ 10,000. ಅಷ್ಟು ಸರ್ಟಿಫಿಕೇಟ್ ಅದರ ಖಾತೆಗೆ. ಒಂದು ಸರ್ಟಿಫಿಕೇಟ್ ಎಂದರೆ ಒಂದು ಟನ್. ಬೇಕಾದರೆ ಮಾರಬಹುದು, ಇಲ್ಲವೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ದರ ನೋಡಿ ಚಾಲಿ ಅಡಿಕೆಯನ್ನು ಅಟ್ಟದಲ್ಲಿ ಇಡುವ ಹಾಗೆ.

ಅದೇ ಮಿಲ್ಲು 1.55ಕ್ಕೆ ಹೋದರೆ? 10,000 ಸರ್ಟಿಫಿಕೇಟ್ ಬೇರೆಯವರಿಂದ ಕೊಳ್ಳಬೇಕು. ಕೊಳ್ಳದಿದ್ದರೆ ಆ ಅವಧಿಯ ಸರಾಸರಿ ದರದ ಎರಡು ಪಟ್ಟು ಪರಿಹಾರ ಕಟ್ಟಬೇಕು. ಲೆಕ್ಕ ಸರಿಯಿದೆಯೇ ಎಂದು ನೋಡಲು ಮಾನ್ಯತೆ ಪಡೆದ ತಪಾಸಣಾ ಸಂಸ್ಥೆ ಇರುತ್ತದೆ. ವ್ಯಾಪಾರ ನಡೆಯುವುದು ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ.

ಇಲ್ಲಿ ನನ್ನದೊಂದು ತಕರಾರಿದೆ. ನೀವು ಒಲೆ ಸುಧಾರಿಸಿ ಕ್ವಿಂಟಲ್ಲಿಗೆ ಒಂದು ಹೊರೆ ಕಟ್ಟಿಗೆ ಉಳಿಸಿದಿರಿ. ಆದರೆ ಪಕ್ಕದ ಮೂರು ತೋಟದ ಅಡಿಕೆಯನ್ನೂ ತಂದು ಬೇಯಿಸಿದಿರಿ. ಬೆಟ್ಟದಿಂದ ಬಂದ ಕಟ್ಟಿಗೆ ಜಾಸ್ತಿಯೇ ಆಯಿತಲ್ಲ! ನಮ್ಮ ಯೋಜನೆ ಹೀಗೆ ಟನ್ನಿಗೆ ಇಷ್ಟು ಅನ್ನುತ್ತದೆ, ಒಟ್ಟಿಗೆ ಇಷ್ಟೇ ಅನ್ನುವುದಿಲ್ಲ. 2005ರಿಂದ ನಡೆಯುತ್ತಿರುವ ಯೂರೋಪಿನ ವ್ಯವಸ್ಥೆಯಲ್ಲಿ ಒಟ್ಟು ಹೊಗೆಗೇ ಮಿತಿ, ಅದೂ ವರ್ಷ ವರ್ಷ ಇಳಿಯುತ್ತದೆ. ಬೆಳೆಯುತ್ತಿರುವ ದೇಶ ಕಾರ್ಖಾನೆ ಹೆಚ್ಚಿಸಲೇಬೇಕು ಎಂಬ ವಾದ ನನಗೂ ಅರ್ಥವಾಗುತ್ತದೆ. ಆದರೂ ‘ಹೊಗೆ ಇಳಿಯಿತು’ ಎಂಬ ಸುದ್ದಿ ಓದಿದಾಗ, ಟನ್ನಿಗೋ ಒಟ್ಟಿಗೋ ಎಂದು ನೋಡಿಕೊಳ್ಳಿ.

ಇನ್ನು ನೆಂಟರ ಬೆಟ್ಟ. ಗುರಿ ಇಲ್ಲದವರೂ ತಾವಾಗಿ ಸೇರಲು ಇನ್ನೊಂದು ಬಾಗಿಲಿದೆ. ಅದಕ್ಕೆ ಒಪ್ಪಿದ ವಿಧಾನಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವುದೂ ಒಂದು. ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಅಳಿವೆಗಳಲ್ಲಿ ಕೆಸರಿನಿಂದ ಬೇರು ಮೇಲೆತ್ತಿ ನಿಂತಿರುತ್ತವಲ್ಲ, ಅವೇ ಗಿಡ. ಆದರೆ ಆಗಲೇ ನಿಂತಿರುವ ಗಿಡ ಎಣಿಕೆಗೆ ಬರುವುದಿಲ್ಲ. ಹೊಸದಾಗಿ ನೆಟ್ಟು, ಬೆಳೆಸಿ, ಅಳೆದು ತೋರಿಸಬೇಕು. ಅಜ್ಜನ ಕಾಲದಿಂದ ಸೊಪ್ಪು ತರುವ ಬೆಟ್ಟ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಮೇಲಾಗಿ ಬೆಟ್ಟದ ನೆಲ ಸರ್ಕಾರದ್ದು, ತೋಟದವರಿಗೆ ಇರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು.

ನೆಂಟರಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ಯಾವ ವಿಧಾನದಡಿ ನೋಂದಣಿ? ಅಳೆಯುವ ಖರ್ಚು ಯಾರದು? ಎಷ್ಟು ವರ್ಷ ಮರ ಮುಟ್ಟಬಾರದು? ಅವರು ಫಾರಂ ಕೊಟ್ಟವನಿಗೆ ಫೋನ್ ಮಾಡಿ ಕೇಳಿದರು. ‘ಮೇಲಿನವರನ್ನು ಕೇಳಿ ಹೇಳ್ತೇನೆ’ ಅಂದ ಆಸಾಮಿ ಆಮೇಲೆ ಫೋನ್ ಎತ್ತಿಲ್ಲ. ಫಾರಂ ಅಡಿಕೆ ಲೆಕ್ಕದ ಪುಸ್ತಕದೊಳಗೆ ಇನ್ನೂ ಹಾಗೇ ಇದೆ.