ತೋಟದ ಕೆಲಸಕ್ಕೆ ಒಂದು ಕ್ರೆಡಿಟ್: ನನ್ನ ಅನುಭವ

ಅಡಿಕೆ ತೋಟದಲ್ಲಿ ವಿದ್ಯಾರ್ಥಿಗಳು ಕಲಿತದ್ದಕ್ಕೂ ಮೈಕ್ರೊಕ್ರೆಡೆನ್ಶಿಯಲ್ (ಒಂದು ಸಣ್ಣ ಕೌಶಲ್ಯಕ್ಕೆ ಕೊಡುವ, ಕ್ರೆಡಿಟ್ ಇರುವ ಪ್ರಮಾಣಪತ್ರ) ಕೊಡೋಣವೆಂದು ಶಿವಮೊಗ್ಗದ ನಮ್ಮ ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ನಾನು ಪ್ರಸ್ತಾಪಿಸಿದಾಗ, ಹಿರಿಯ ಸಹೋದ್ಯೋಗಿಯೊಬ್ಬರು, “ಹಾಗಾದರೆ ದನ ಮೇಯಿಸಿದವನಿಗೆ ಡಾಕ್ಟರೇಟನ್ನೇ ಕೊಟ್ಟುಬಿಡಿ ಮೇಷ್ಟ್ರೇ” ಎಂದು ನಕ್ಕಿದ್ದರು. ಈ ವರ್ಷ ಅವರದೇ ವಿಭಾಗದ ಹತ್ತು ಹನ್ನೊಂದು ಮಂದಿ ನಮ್ಮಲ್ಲಿ ನೋಂದಾಯಿಸಿಕೊಂಡಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಕಲಿಕೆಯನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಎಣಿಸುವ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ನಾನು ಎಡವಿದ್ದೂ ಆ 30ಕ್ಕೇ. ಮೊದಲ ವರ್ಷ ಗಂಟೆ ಲೆಕ್ಕದ ದಿನಚರಿ ಬರೆಸಿದೆ. ಸುಮಾರು 40 ಮಂದಿಯೂ ಸರಿಯಾಗಿ ಮೂವತ್ತೇ ಗಂಟೆ ಬರೆದು, ಮನೆಯವರ ಸಹಿ ಹಾಕಿಸಿ ತಂದರು. ಒಬ್ಬನಂತೂ ಆಷಾಢದ ಜಡಿಮಳೆಯ ದಿನವೇ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹೊಡೆದೆನೆಂದು ಬರೆದಿದ್ದ. ಮರುವರ್ಷ ಮೊಬೈಲ್ ವಿಡಿಯೊ ಕೇಳಿದೆ. ಹೊಸನಗರದ ಕಡೆಯವರಿಗೆ ನೆಟ್‌ವರ್ಕ್ ಸಿಗಲಿಲ್ಲ. ಸಿಕ್ಕವರ ನಾಲ್ಕು ವಿಡಿಯೊಗಳಲ್ಲಿ ಒಂದೇ ಉಂಗುರದ ಕೈ ಕಾಣಿಸಿತು. ಡಿಜಿಟಲ್ ಬ್ಯಾಡ್ಜ್ ಕೊಡುವ ತಂತ್ರಾಂಶಕ್ಕೆಂದು ಕೈಯಿಂದ ಹಾಕಿದ ಏಳು ಸಾವಿರ ರೂಪಾಯಿಯಂತೂ ನೀರಿನಲ್ಲಿ ಹೋಮವಾಯಿತು.

ಮೂರನೆಯ ವರ್ಷ ಗಂಟೆಯ ಲೆಕ್ಕವನ್ನು ಕಡತಕ್ಕೆ ಮಾತ್ರ ಉಳಿಸಿಕೊಂಡು, ಕ್ರೆಡಿಟ್ ಕೊಡುವುದನ್ನು ತೋಟದಲ್ಲಿಯೇ ತೀರ್ಮಾನಿಸತೊಡಗಿದೆವು. ಮುಂಗಾರಿಗೆ ಮುಂಚೆ, ತೀರ್ಥಹಳ್ಳಿ ಬಳಿಯ ಒಂದು ತೋಟದಲ್ಲಿ, ಬೆಳೆಗಾರರೊಬ್ಬರೂ ನಾನೂ ಎದುರಿಗೆ ನಿಂತಿರುವಾಗ, ವಿದ್ಯಾರ್ಥಿಯು ಒಬ್ಬನೇ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸಬೇಕು. 50 ಲೀಟರ್ ನೀರಿನಲ್ಲಿ 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಬೇರೆ 50 ಲೀಟರಿನಲ್ಲಿ 1 ಕಿಲೊ ಸುಣ್ಣ ಎಂಬುದನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯುವ ಬದಲು ತಿರುಗಾಮುರುಗಾ ಮಾಡುವವರು, ಕಬ್ಬಿಣದ ಬಕೆಟ್ಟಿಗೆ ಕೈ ಹಾಕುವವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಕೊನೆಗೆ ಉಜ್ಜಿ ತೊಳೆದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಕಾಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಅಲಗು ಕೆಂಪಾದುದನ್ನು ಕಂಡು ಗಾಬರಿಯಾಗದೆ, ಹೇಳಿಸಿಕೊಳ್ಳದೆ ಸುಣ್ಣದ ತಿಳಿಗೆ ಕೈ ಹಾಕಿದವನಿಗೆ ನಾವು ಅರ್ಧ ಒಲಿದಂತೆಯೇ. ಆಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗೌಡನ ಜೊತೆ ಒಂದು ದಿನವಾದರೂ ದುಡಿದವರಿಗಲ್ಲದೆ ಉಳಿದವರಿಗೆ ಅದಕ್ಕೆ ಉತ್ತರ ಹೊಳೆಯುವುದಿಲ್ಲ. ಮುಂದಿನ ತಂಡವೂ ಇದನ್ನು ಓದುವುದರಿಂದ ಆ ಪ್ರಶ್ನೆಯನ್ನು ಇಲ್ಲಿ ಬರೆಯಲಾರೆ.

ಆ ವರ್ಷ 22 ಮಂದಿಯಲ್ಲಿ ನಾಲ್ವರು ನಪಾಸಾದರು. ಪ್ರಮಾಣಪತ್ರಕ್ಕೆ ಬೆಲೆ ಬಂದದ್ದೂ ಅಲ್ಲಿಂದಲೇ ಎಂದು ನನ್ನ ಎಣಿಕೆ. ಬೆಳೆಗಾರರ ಗೌರವಧನ, ಬಸ್ಸು, ಮುದ್ರಣ ಎಲ್ಲ ಸೇರಿ ತಲೆಗೆ ನೂರೈವತ್ತು ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು.

ಉತ್ಸಾಹದಲ್ಲಿ ಸಾಗರದ ಕಡೆ ಹಸೆ ಚಿತ್ತಾರಕ್ಕೂ (ಮನೆಯ ಗೋಡೆಯ ಮೇಲೆ ಬರೆಯುವ ಸಾಂಪ್ರದಾಯಿಕ ಚಿತ್ರ) ಇದೇ ಕ್ರಮವನ್ನು ಅನ್ವಯಿಸಿ, ಚಿತ್ತಾರ ಬರೆಯುವ ಅಜ್ಜಿಯರನ್ನೇ ಪರೀಕ್ಷಕರನ್ನಾಗಿ ಕೂರಿಸಿದೆ. “ಮಕ್ಳು ಇಷ್ಟು ಬರ್ದಿದ್ದೇ ಹೆಚ್ಚು, ಕಡ್ಮೆ ಹೆಂಗೆ ಕೊಡದು?” ಎಂದು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು. ಅದನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸುವ ಪರೀಕ್ಷೆ ಮಾತ್ರ ಚೆನ್ನಾಗಿ ನಡೆಯುತ್ತಿದೆ.

ಈಗ ಉಳಿದಿರುವ ತೊಡಕು ಇನಿಷಿಯಲ್‌ನದು. ಆಧಾರ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದಿರುತ್ತದೆ, ಅಂಕಪಟ್ಟಿಯಲ್ಲಿ ಬರೀ ಅಕ್ಷರವಿರುತ್ತದೆ. ಹೆಸರು ತಾಳೆಯಾಗದೆ ಕಳೆದ ಸಲ ಏಳೆಂಟು ಮಂದಿಯ ಕ್ರೆಡಿಟ್, ವಿದ್ಯಾರ್ಥಿಗಳ ಕ್ರೆಡಿಟ್‌ಗಳನ್ನು ಆನ್‌ಲೈನಿನಲ್ಲಿ ಜಮೆ ಮಾಡಿಡುವ ಅಕಾಡೆಮಿಕ್ ಬ್ಯಾಂಕಿನ ಖಾತೆಗೆ ಸೇರದೆ ತಿಂಗಳುಗಟ್ಟಲೆ ಉಳಿಯಿತು. ಹಾಗಾಗಿ ಈಗ ಚಾಕು ಕೊಡುವ ಮೊದಲೇ ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ.